ಮೂರು ತಿಂಗಳು ಎಡಗಡೆ ಸೀಟಿನಲ್ಲಿ

ಕಾರಿನ ಲೈಸೆನ್ಸ್ ಮಾಡಿಸಬೇಕು ಅಂತ ನಾನು ತೀರ್ಮಾನ ಮಾಡಿದಾಗ ನನಗೆ ಮೂವತ್ತೈದು ದಾಟಿತ್ತು. ಅಲ್ಲಿಯವರೆಗೆ ಅರಸೀಕೆರೆಯಲ್ಲಿ ದೊಡ್ಡಪ್ಪನ ಕೊಬ್ಬರಿ ಮಂಡಿಯಲ್ಲಿದ್ದೆ. ಕೊಬ್ಬರಿ ಆರಿಸುವುದು, ಚೀಲ ಹೊಲಿಸುವುದು, ತೂಕದ ಹತ್ತಿರ ನಿಲ್ಲುವುದು, ಇಷ್ಟೇ ಕೆಲಸ. ಕಷ್ಟದ್ದೇನಲ್ಲ. ಆದರೆ ದಿನವಿಡೀ ಒಂದೇ ಜಾಗದಲ್ಲಿ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಮಂಡಿಯಿಂದ ಕಾಫಿಗೆ ಅಂತ ಎದ್ದರೆ ಕಾಲು ತಾನಾಗಿಯೇ ರೈಲ್ವೆ ಸ್ಟೇಷನ್ ಕಡೆ ತಿರುಗುತ್ತಿತ್ತು. ಅಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತಿದ್ದವು. ರೈಲಿಳಿದವರು ಬೇಲೂರು, ಹಳೇಬೀಡು ನೋಡಬೇಕು ಅಂತ ಬರುತ್ತಿದ್ದರು. ಅವರನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುವುದು. ಇದಕ್ಕಿಂತ ಒಳ್ಳೆಯ ಉದ್ಯೋಗ ಭೂಮಿಯ ಮೇಲೆ ಇನ್ನೊಂದಿಲ್ಲ ಅನ್ನಿಸಿಬಿಟ್ಟಿತ್ತು.

ಮನೆಯಲ್ಲಿ ಹೇಳಿದೆ. ಅವ್ವ, 'ನಿನ್ನ ತಲೆಯಲ್ಲಿ ಏನು ಹೊಕ್ಕೈತೋ ಶಿವನಿಗೇ ಗೊತ್ತು' ಅಂದು ಒಳಗೆ ಹೋದಳು. ನನ್ನ ಹೆಂಡತಿ ಮಾತ್ರ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ ಕೇಳಿದಳು:

'ಲೈಸೆನ್ಸ್ ಮಾಡ್ಸೋಕೆ ಹಾಸನಕ್ಕೆ ಹೋಗ್ಬೇಕಾ?'

'ಹೂಂ. ಮೊದಲು ಇಲ್ಲೇ ಡ್ರೈವಿಂಗ್ ಸ್ಕೂಲಲ್ಲಿ ಕಲ್ತು, ಆಮೇಲೆ ಹೋಗಬೇಕು.'

'ಹಂಗಾದ್ರೆ ನಾನೂ ಬತ್ತೀನಿ. ನಂದೂ ಒಂದು ಮಾಡ್ಸಿಬಿಡಿ.'

'ನಿನಗ್ಯಾಕೆ ಅದು?'

'ಇರ್ಲಿ ಕಣ್ರೀ. ಇದ್ರೆ ಏನು ಅನ್ನ ಕೇಳ್ತದಾ?'

ಅವಳು ಗೆಂಡೆಹಳ್ಳಿಯವಳು. ಅವರ ಅಪ್ಪನಿಗೆ ರಾಗಿ ಹೊಲ, ಗದ್ದೆ, ಒಂದು ಟ್ರ್ಯಾಕ್ಟರ್ ಇದ್ದವು. ಅಷ್ಟು ನನಗೆ ಗೊತ್ತಿತ್ತು. ಆ ಟ್ರ್ಯಾಕ್ಟರನ್ನು ಅವಳು ಮದುವೆಗೆ ಮುಂಚೆ ಟ್ರೈಲರ್ ಸಮೇತ ಹಿಂದಕ್ಕೆ ಓಡಿಸಿ ಕಣದೊಳಗೆ ತಂದು ನಿಲ್ಲಿಸುತ್ತಿದ್ದಳು ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಮಾಡಲು ಬರುತ್ತದೆಯೇ ಅಂತ ಕೇಳಿದ್ದೆವೇ ಹೊರತು ಟ್ರ್ಯಾಕ್ಟರ್ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಪರೀಕ್ಷೆಯ ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದೆವು. ಬುತ್ತಿಗೆ ಚಪಾತಿ, ಕಡ್ಲೆ ಪಲ್ಯ. ಆರ್‌ಟಿಒ ಕಚೇರಿಯ ಮೈದಾನದಲ್ಲಿ ಕಂಬಗಳನ್ನು ನೆಟ್ಟು ಹಾದಿ ಮಾಡಿದ್ದರು. ಮುಂದೆ ಹೋಗಿ, ಅದೇ ಹಾದಿಯಲ್ಲಿ ರಿವರ್ಸ್ ಬರಬೇಕು. ನಾನು ಮುಂದೆ ಹೋಗುವಾಗ ರಾಜಠೀವಿಯಲ್ಲೇ ಹೋದೆ. ಹಿಂದಕ್ಕೆ ಬರುವಾಗ ಕನ್ನಡಿಯಲ್ಲಿ ಕಂಬ ಕಾಣಿಸಿತು, ಆಮೇಲೆ ಕಾಣಿಸಲಿಲ್ಲ, ಆಮೇಲೆ ಕಂಬದ ಸದ್ದು ಕೇಳಿಸಿತು. ಇನ್‌ಸ್ಪೆಕ್ಟರ್ ನಗಲಿಲ್ಲ, ಬಯ್ಯಲೂ ಇಲ್ಲ. 'ಇಳೀರಿ' ಅಂದರು.

ನನ್ನ ನಂತರ ಅವಳ ಸರದಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಮುಂದೆ ಹೋದಳು, ಹಿಂದೆ ಬಂದಳು. ಕಂಬಗಳು ಇದ್ದಲ್ಲೇ ಇದ್ದವು. ಇಳಿದು ಸೆರಗು ಬಿಚ್ಚಿಕೊಂಡು ಪಕ್ಕಕ್ಕೆ ಬಂದು ನಿಂತಳು. ಇನ್‌ಸ್ಪೆಕ್ಟರ್ ಅವಳ ಕಾಗದಕ್ಕೆ ಸಹಿ ಹಾಕಿ ನನ್ನ ಕಡೆ ನೋಡಿದರು.

'ಇವರು ನಿಮಗೇನಾಗಬೇಕು?'

'ಮನೆಯವರು ಸರ್.'

'ಮತ್ತೆ? ಇವರ ಹತ್ತಿರವೇ ಕಲ್ಕೊಂಡು ಬನ್ನಿ.'

ವಾಪಸ್ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮುಖದಲ್ಲಿ ನಗು ಬರದಂತೆ ಅವಳು ಪಡುತ್ತಿದ್ದ ಪಾಡು ನೋಡಿದರೆ ನನಗೇ ಅಯ್ಯೋ ಅನ್ನಿಸುತ್ತಿತ್ತು. ಕೊನೆಗೆ ನಾನೇ, 'ನಕ್ಕುಬಿಡೇ, ಹೊಟ್ಟೆ ಒಡೆದೀತು' ಅಂದೆ. ಅವಳು ನಕ್ಕಿದ್ದು ಮುಂದಿನ ಸೀಟಿನವರು ತಿರುಗಿ ನೋಡುವಷ್ಟು.

ಅವಳಿಂದ ಕಲಿಯಲು ನನ್ನ ಮಾನ ಒಪ್ಪಲಿಲ್ಲ. ಹಾಗಾಗಿ ಎರಡನೇ ಸಲವೂ ಫೇಲಾದೆ. ಆಮೇಲೆ ಮಾನವನ್ನು ಪಕ್ಕಕ್ಕಿಟ್ಟು ಒಂದು ಭಾನುವಾರ ಡ್ರೈವಿಂಗ್ ಸ್ಕೂಲಿನ ಕಾರು ಕೇಳಿ ತಂದು, ಎಪಿಎಂಸಿ ಯಾರ್ಡಿನ ಖಾಲಿ ಜಾಗದಲ್ಲಿ ಕೊಬ್ಬರಿ ಚೀಲಗಳನ್ನು ಕಂಬದ ಬದಲು ನಿಲ್ಲಿಸಿಕೊಂಡು ಅವಳ ಕೈಯಲ್ಲೇ ಕಲಿತೆ. 'ಕನ್ನಡೀನೇ ನೋಡ್ತಾ ಕೂರಬೇಡಿ, ಕತ್ತು ತಿರುಗಿಸಿ' ಅಂತ ಹೇಳಿಕೊಟ್ಟಳು. ಮೂರನೇ ಸಲ ಪಾಸಾದೆ. ಅವಳ ಲೈಸೆನ್ಸ್ ಕಾರ್ಡು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಸೇರಿತು. ಅದು ಅಲ್ಲಿದೆ ಅನ್ನುವುದನ್ನೇ ನಾನು ಮರೆತೆ.

ಆಗ ಟ್ಯಾಕ್ಸಿ ಓಡಿಸಲು ಬರೀ ಲೈಸೆನ್ಸ್ ಸಾಲದು, ಬ್ಯಾಡ್ಜ್ ಬೇಕಿತ್ತು. ಒಂದು ವರ್ಷ ಕಾಯಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು, ಪೊಲೀಸರಿಂದ ನಡತೆಯ ಬಗ್ಗೆ ವರದಿ ಬರಬೇಕು. ಪೊಲೀಸಿನವರು ವಿಚಾರಿಸಲು ಮನೆಗೆ ಬಂದ ದಿನ ನಾನು ಮಂಡಿಯಲ್ಲಿದ್ದೆ. ಅವ್ವ ಒಬ್ಬಳೇ ಜಗುಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಳಂತೆ. 'ನಿಮ್ಮ ಮಗನ ನಡತೆ ಹೆಂಗಮ್ಮಾ?' ಅಂತ ಅವರು ಕೇಳಿದ್ದಾರೆ. ಅವ್ವ ಸುಳ್ಳು ಹೇಳುವವಳಲ್ಲ.

'ನಡತೆ ಏನು ಹೇಳೋದಪ್ಪಾ. ಹೇಳಿದ ಮಾತು ಕೇಳಲ್ಲ. ಸ್ನಾನಕ್ಕೆ ಮುಂಚೆ ತಿಂತಾನೆ. ವಿಭೂತಿ ಹಚ್ಕೋ ಅಂದ್ರೆ ಆಮೇಲೆ ಅಂತಾನೆ. ಮಠಕ್ಕೆ ಹೋಗೋಣ ಬಾರೋ ಅಂದ್ರೆ ಅವತ್ತೇ ಕೆಲಸ ಬತ್ತದೆ ಅವನಿಗೆ.'

ಬಂದವರು ಇನ್ನೇನಾದರೂ ಇದೆಯೇ ಅಂತ ಕೇಳಿದ್ದಾರೆ. 'ಇಷ್ಟು ಸಾಲದಾ?' ಅಂದಿದ್ದಾಳೆ ಅವ್ವ. ಸಂಜೆ ಇದನ್ನು ಕೇಳಿ ನನ್ನ ಟ್ಯಾಕ್ಸಿ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೆ ವರದಿಯಲ್ಲಿ ನಡತೆ ಉತ್ತಮ ಅಂತಲೇ ಬಂತು. ಬ್ಯಾಡ್ಜ್ ಸಿಕ್ಕಿತು. ಹಳದಿ ಬೋರ್ಡಿನ ಬಿಳಿ ಕಾರು ಬಂತು. ಅವ್ವ ಸ್ಟೇರಿಂಗಿಗೆ ವಿಭೂತಿ ಹಚ್ಚಿ, ನನ್ನ ಹಣೆಗೂ ಹಚ್ಚಿ, 'ಇನ್ನು ಆಮೇಲೆ ಅನ್ನೋ ಹಂಗಿಲ್ಲ' ಅಂದಳು.

ಆಮೇಲಿನ ಹತ್ತು ವರ್ಷ ನಾನು ಸುಖವಾಗಿದ್ದೆ. ಅರಸೀಕೆರೆಯಿಂದ ಜಾವಗಲ್, ಅಲ್ಲಿಂದ ಹಳೇಬೀಡು, ಅಲ್ಲಿಂದ ಬೇಲೂರು. ಯಾವ ತಿರುವಿನಲ್ಲಿ ರಾಗಿ ಒಕ್ಕಲು ರಸ್ತೆಗೆ ಹರಡಿರುತ್ತಾರೆ, ಯಾವ ಊರಿನ ಎಮ್ಮೆಗಳು ಹಾರ್ನಿಗೆ ಬಗ್ಗುವುದಿಲ್ಲ, ಎಲ್ಲ ಬಾಯಿಪಾಠ. ಬಾಯಿಪಾಠವಾದ ರಸ್ತೆ ಅಂತಲೇ ಫೋನಿನಲ್ಲಿ ಮಾತಾಡುತ್ತ ಓಡಿಸುವ ಅಭ್ಯಾಸವೂ ಬೆಳೆಯಿತು.

ಸೊಗಡಿನ ಅವರೆಕಾಯಿಯ ಕಾಲ ಅದು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಅವರ ಹೆಂಡತಿ ಹಿಂದಿನ ಸೀಟಿನಲ್ಲಿದ್ದರು. ಜಾವಗಲ್ ಬಿಡುತ್ತಿದ್ದ ಹಾಗೆ ಮನೆಯಿಂದ ಹೆಂಡತಿಯ ಫೋನು. ಹಳೇಬೀಡಿನಲ್ಲಿ ಅವರೆಕಾಯಿ ಚೆನ್ನಾಗಿದ್ದರೆ ತನ್ನಿ ಅಂದಳು. ಎಷ್ಟು ಅಂದೆ. ಸಾರಿಗೊಂದಿಷ್ಟು ಅಂದಳು. ಅವ್ವನಿಗೆ ಹಿದುಕವರೆ ಬೇಡವಾ ಅಂದೆ. ಹೀಗೇ ಮಾತು ಬೆಳೆಯಿತು. ಮುಂದಿನ ತಿರುವಿನಲ್ಲಿ ಹುಣಿಸೆ ಮರದ ನೆರಳಲ್ಲಿ ಒಂದು ಜೀಪು ನಿಂತಿತ್ತು. ಒಬ್ಬ ಅಧಿಕಾರಿ ಕೈ ಅಡ್ಡ ಹಿಡಿದರು.

ನಾನು ಇಳಿದು, 'ಈಗ ತಾನೇ ಎತ್ತಿದೆ ಸರ್, ಎರಡು ಸೆಕೆಂಡು' ಅಂದೆ.

ಅವರು ಕಿಟಕಿಗೆ ಬಗ್ಗಿ ಹಿಂದೆ ಕೂತವರನ್ನು ಕೇಳಿದರು. ನಿವೃತ್ತ ಬ್ಯಾಂಕಿನವರು ಕನ್ನಡಕ ಸರಿಮಾಡಿಕೊಂಡು, 'ಆಗಿನಿಂದ ಮಾತಾಡ್ತಾನೇ ಇದ್ದಾರೆ. ನಮಗೂ ಭಯವಾಗ್ತಿತ್ತು. ಹೇಳೋಕೆ ಸಂಕೋಚ' ಅಂದರು. ಅವರ ಹೆಂಡತಿ, 'ಒಂದು ಸಲ ಬಸ್ಸು ಹತ್ತಿರ ಬಂದುಬಿಟ್ಟಿತ್ತು' ಅಂತ ಸೇರಿಸಿದರು.

ಆ ಬಸ್ಸನ್ನು ನಾನು ನೋಡಿಯೇ ಇರಲಿಲ್ಲ. ಅವತ್ತು ನನ್ನನ್ನು ಹಿಡಿದಿದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಕಾರ್ಡು ಇಟ್ಟುಕೊಂಡು ಚೀಟಿ ಕೊಟ್ಟರು. ಕೆಲವು ದಿನದ ಮೇಲೆ ವಿಚಾರಣೆಗೆ ಬನ್ನಿ ಅಂತ ನೋಟಿಸ್ ಬಂತು. ಹೋದೆ. 'ಹೆಂಡತಿ ಫೋನು ಸರ್' ಅಂದೆ. 'ಗಾಡಿ ಪಕ್ಕಕ್ಕೆ ಹಾಕಿ ಮಾತಾಡಬಹುದಿತ್ತಲ್ವಾ?' ಅಂದರು. ಲೈಸೆನ್ಸ್ ಮೂರು ತಿಂಗಳು ಅಮಾನತು.

ಅವತ್ತು ಕಾರನ್ನು ಮನೆಯ ಮುಂದೆ ನಿಲ್ಲಿಸಿ ಬಟ್ಟೆ ಹೊದಿಸಿದೆ. ನಾಲ್ಕು ದಿನ ಅದರ ಮುಂದೆಯೇ ಓಡಾಡಿಕೊಂಡಿದ್ದೆ. ಕಾರಿಗೆ ರಿಪೇರಿ ಅಂತ ಅವ್ವನಿಗೆ ಹೇಳಿದ್ದೆ. ಐದನೇ ದಿನ ಹೆಂಡತಿ ರೇಷನ್ ಕಾರ್ಡಿನ ಕವರ್ ತಂದು ಟೀಪಾಯಿಯ ಮೇಲಿಟ್ಟು ಅದರೊಳಗಿಂದ ತನ್ನ ಲೈಸೆನ್ಸ್ ತೆಗೆದಳು.

'ಸಣ್ಣ ಕಾರಿಗೆ ಈಗ ಬ್ಯಾಡ್ಜ್ ಬೇಡವಂತೆ. ಇದೇ ನಡೀತದಂತೆ. ಆರ್‌ಟಿಒ ಆಫೀಸಿಗೇ ಹೋಗಿ ಕೇಳ್ಕೊಂಡು ಬಂದೆ.'

'ಯಾವಾಗ ಹೋಗಿದ್ದೆ?'

'ನೆನ್ನೆ. ನೀವು ಕಾರು ಒರೆಸ್ತಿದ್ರಿ. ನಾಲ್ಕನೇ ಸಲ.'

'ಟ್ಯಾಕ್ಸಿ ಓಡಿಸೋದು ಅಂದ್ರೆ ಟ್ರ್ಯಾಕ್ಟರ್ ಓಡಿಸಿದ ಹಂಗಲ್ಲ ಕಣೇ.'

'ಹೌದಾ? ಹಂಗಾದ್ರೆ ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ.'

ಒಂದು ವಾರ ಅವಳು ಜಾವಗಲ್ ರಸ್ತೆಯಲ್ಲಿ ಕೈ ಕುದುರಿಸಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಸ್ಟ್ಯಾಂಡಿಗೆ ಹೋದೆವು. ನನಗೆ ಅವತ್ತು ಭಯವಿದ್ದದ್ದು ರಸ್ತೆಯದ್ದಲ್ಲ, ಸ್ಟ್ಯಾಂಡಿನದು. ಅಲ್ಲಿ ಪಾಳಿ ನೋಡಿಕೊಳ್ಳುವುದು ಎಲ್ಲರಿಗಿಂತ ಹಿರಿಯ ಡ್ರೈವರ್. ಯಾವ ಗಾಡಿ ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಅವರ ಮಾತೇ ಕೊನೆ. ಕಾರು ನಿಂತಿತು. ಬಲಗಡೆಯಿಂದ ಅವಳು, ಎಡಗಡೆಯಿಂದ ನಾನು ಇಳಿದೆವು. ಎಲ್ಲರ ಬೀಡಿ, ಕಾಫಿ ಅಲ್ಲಲ್ಲೇ ನಿಂತವು.

'ಏನ್ಲಾ ಇದು?' ಅಂದರು ಹಿರಿಯರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬ, 'ಹೆಂಗಸರು ಪಾಳೀಲಿ ನಿಂತ್ರೆ ಹೆಂಗಣ್ಣಾ? ಪಾಳಿ ಇವನದು, ಇವನು ಓಡಿಸಂಗಿಲ್ಲ' ಅಂದ. ಹಿರಿಯರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು.

'ಪಾಳಿ ಗಾಡೀದು ಕಣೋ, ಡ್ರೈವರ್ದಲ್ಲ. ಗಾಡಿ ಬಂದೈತೆ, ಮೂರನೇ ಜಾಗದಲ್ಲಿ ನಿಲ್ಲಿಸಲಿ.' ಆಮೇಲೆ ಅವಳ ಕಡೆ ತಿರುಗಿ, 'ನಿಲ್ಸಮ್ಮ, ಜಾಗ ಇಕ್ಕಟ್ಟೈತೆ, ಹುಷಾರು' ಅಂದರು.

ಎರಡು ಕಾರುಗಳ ನಡುವಿನ ಆ ಜಾಗಕ್ಕೆ ಅವಳು ಒಂದೇ ಸಲಕ್ಕೆ ರಿವರ್ಸ್ ತಂದು ನಿಲ್ಲಿಸಿದಳು. ಕಾಫಿ ಕುಡಿಯುವುದು ಮತ್ತೆ ಶುರುವಾಯಿತು.

ಎಡಗಡೆ ಸೀಟಿನಲ್ಲಿ ಕೂರುವುದು ಎಂಥ ಕಷ್ಟ ಅಂತ ನನಗೆ ಗೊತ್ತಾದದ್ದು ಆಗಲೇ. ಪ್ರತಿ ತಿರುವಿಗೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. 'ಅಲ್ಲಿ ಬ್ರೇಕಿಲ್ಲ ಕಣ್ರೀ, ಮ್ಯಾಟ್ ಹರಿದೀತು' ಅನ್ನುತ್ತಿದ್ದಳು. ಗೇರು ಹಾಕು, ಹಾರ್ನ್ ಮಾಡು, ಲಾರಿ ಬಂತು ಅಂತ ನಾನು ಹೇಳುವಷ್ಟರಲ್ಲಿ ಅವಳು ಅದನ್ನು ಮಾಡಿ ಮುಗಿಸಿರುತ್ತಿದ್ದಳು. ಹಿಂದೆ ಕೂತ ಹೆಂಗಸರು ನನ್ನೊಂದಿಗೆ ಎಂದೂ ಆಡದ ಮಾತುಗಳನ್ನು ಅವಳೊಂದಿಗೆ ಆಡುತ್ತಿದ್ದರು. ಮಗಳ ಬಾಣಂತನ, ಮಂಡಿನೋವು, ಎಲ್ಲಿ ಶೌಚಾಲಯ ಚೆನ್ನಾಗಿದೆ. ಹತ್ತು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ ಶೌಚಾಲಯ ಎಲ್ಲಿ ಅಂತ ಕೇಳಿರಲಿಲ್ಲ. ಪಾಪ, ಎಷ್ಟು ಜನ ತಡೆದುಕೊಂಡು ಬೇಲೂರಿನಿಂದ ಅರಸೀಕೆರೆಯವರೆಗೆ ಬಂದಿದ್ದರೋ.

ಅವ್ವನಿಗೆ ಕೊನೆಗೂ ವಿಷಯ ಗೊತ್ತಾಯಿತು. ಅವಳ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದರೆ, ಅವಳು ಸೊಸೆಯ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

ಇನ್ನು ಒಂದು ಸೋಮವಾರದ ಮಾತು. ರೈಲಿನಿಂದ ವಯಸ್ಸಾದ ಅಕ್ಕ-ತಂಗಿ ಇಬ್ಬರು ಇಳಿದರು. ಅಕ್ಕನಿಗೆ ಎಪ್ಪತ್ತರ ಮೇಲಿರಬಹುದು. ಮೊದಲು ಬೇಲೂರು, ವಾಪಸ್ ಬರುವಾಗ ಹಳೇಬೀಡು ಅಂತ ಮಾತಾಯಿತು. ಬೇಲೂರಿನಲ್ಲಿ ದೇವಸ್ಥಾನ ಸುತ್ತಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಊಟ ಮಾಡೋಣ ಅಂದರೆ ಅಕ್ಕ ಬೇಡ ಅಂದರು. ತಂಗಿ ಒಬ್ಬರೇ ಹೋಟೆಲಿನಲ್ಲಿ ಊಟ ಮಾಡಿ ಬಂದರು. ಬೇಲೂರು ಬಿಟ್ಟು ಅರ್ಧ ದಾರಿ ದಾಟಿದ್ದೆವು. ಹಿಂದಿನಿಂದ ತಂಗಿಯ ಕೂಗು ಕೇಳಿಸಿತು. 'ಅಕ್ಕಾ, ಏನಾಯ್ತು? ಅಕ್ಕಾ!'

ತಿರುಗಿ ನೋಡಿದೆ. ಅಕ್ಕನ ತಲೆ ಕಿಟಕಿಗೆ ವಾಲಿತ್ತು. ಮುಖವೆಲ್ಲ ಬೆವರು. ಕೈ ಹಿಡಿದರೆ ತಣ್ಣಗೆ.

'ನಿಲ್ಸೇ, ಇಳಿ, ನಾನು ಓಡಿಸ್ತೀನಿ. ಬೇಲೂರಿಗೆ ತಿರುಗಿಸಬೇಕು' ಅಂದೆ. ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

ಅವಳು ನಿಲ್ಲಿಸಲಿಲ್ಲ. ದನಿಯನ್ನೂ ಏರಿಸಲಿಲ್ಲ.

'ಲೈಸೆನ್ಸ್ ಎಲ್ಲೈತೆ ನಿಮ್ದು?'

'ಈಗ ಲೈಸೆನ್ಸ್ ಮಾತಾಡೋ ಹೊತ್ತಾ?'

'ಹೌದು. ಸುಮ್ನೆ ಕೂತ್ಕೊಳ್ಳಿ. ಹಳೇಬೀಡು ಹತ್ತಿರ ಐತೆ. ಇಲ್ಲಿ ತಿರುಗಿಸೋಕೆ ಹೋದ್ರೆ ಹಿಂದೆ ಜೋಳದ ಟ್ರ್ಯಾಕ್ಟರ್ ಬತ್ತಾ ಐತೆ. ನೀವು ಅಮ್ಮನ ತಲೆ ಹಿಡ್ಕೊಳ್ಳಿ, ಕಿಟಕಿಗೆ ಬಡೀತದೆ.'

ನಾನು ಸೀಟಿನ ಮೇಲೆ ಹಿಂದಕ್ಕೆ ಬಾಗಿ ಆ ಅಮ್ಮನ ತಲೆ ಹಿಡಿದುಕೊಂಡೆ. ಅವಳು ಹಿಂದಿನವರಿಗೆ ಕೇಳುವ ಹಾಗೆ, 'ಹೆದರಬೇಡಿ ಅಮ್ಮಾ, ಬಂದೇಬಿಟ್ವಿ' ಅನ್ನುತ್ತ, ಗುಂಡಿಗಳನ್ನೆಲ್ಲ ತಪ್ಪಿಸುತ್ತ ಓಡಿಸಿದಳು. ನಾನಾಗಿದ್ದರೆ ಹಾರ್ನಿನಿಂದ ಕೈ ತೆಗೆಯುತ್ತಿರಲಿಲ್ಲ. ಅವಳು ಮಾಡಿದ್ದು ಎರಡೇ ಸಲ. ಆ ಕೆಲವು ನಿಮಿಷ ನನಗೆ ನಾಚಿಕೆಯಾಯಿತು, ಆದರೆ ಅದರ ಜೊತೆಗೆ ಒಂದು ನಿರಾಳವೂ ಇತ್ತು. ಎಲ್ಲವನ್ನೂ ನಾನೇ ಮಾಡಬೇಕಾಗಿಲ್ಲ ಅನ್ನುವುದು ಅಷ್ಟು ವಯಸ್ಸಾದ ಮೇಲೆ ಮೊದಲ ಸಲ ಮೈಗೆ ತಿಳಿಯಿತು.

ಹಳೇಬೀಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದರು. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು, ಸಕ್ಕರೆ ತೀರಾ ಇಳಿದುಹೋಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡಿದ್ದಾರೆ, ಸೋಮವಾರದ ಉಪವಾಸ ಅಂತ ಹೊಟ್ಟೆಗೆ ಏನೂ ಹಾಕಿಲ್ಲ. ಡ್ರಿಪ್ ಹಾಕಿ ಮಲಗಿಸಿದರು. ಕಣ್ಣು ಬಿಟ್ಟ ಮೇಲೆ ಆ ಅಮ್ಮ ಮೊದಲು ಕೇಳಿದ್ದು, 'ಈಶ್ವರನ ದೇವಸ್ಥಾನ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತಾರೆ?' ಅಂತ.

ತಂಗಿ ಗದರಿಸಿದರು. 'ಸಾಕು ಸುಮ್ನಿರು ಅಕ್ಕ, ಮನೆಗೆ ಹೋಗೋಣ.'

'ಅಷ್ಟು ದೂರದಿಂದ ಬಂದಿದೀನಿ. ನೋಡದೆ ಹೋಗ್ಲಾ?' ಅಂದ ಅವರು ನನ್ನ ಹೆಂಡತಿಯ ಕೈ ಹಿಡಿದರು. 'ನೀನು ಹೇಳೇ ತಾಯಿ.'

ನನ್ನ ಹೆಂಡತಿ ಡಾಕ್ಟರ ಮುಖ ನೋಡಿದಳು. ಊಟ ಮಾಡಿದರೆ, ಬಿಸಿಲು ತಗ್ಗಿದ ಮೇಲೆ ಸ್ವಲ್ಪ ಹೊತ್ತು ಹೋಗಬಹುದು ಅಂದರು ಅವರು. ಅವಳು ಪಕ್ಕದ ಹೋಟೆಲಿನಿಂದ ಅನ್ನ, ಮೊಸರು ತರಿಸಿದಳು. ಉಪವಾಸ ಮುರಿಯುವುದು ಹೇಗೆ ಅಂತ ಅಮ್ಮ ಹಿಂದೆಮುಂದೆ ನೋಡಿದಾಗ, 'ನಮ್ಮತ್ತೇನೂ ಸೋಮವಾರ ಮಾಡ್ತಾರೆ. ಮಾತ್ರೆ ತಗೊಳ್ಳೋಕೆ ಶುರು ಮಾಡಿದ ಮೇಲೆ ಶಿವ ರಜಾ ಕೊಟ್ಟವ್ನೆ ಅಂತಾರೆ. ಉಣ್ಣಿ' ಅಂದಳು. ಅಮ್ಮ ಉಂಡರು. ಸಂಜೆಯ ತಂಪಿನಲ್ಲಿ ದೇವಸ್ಥಾನದ ಗೋಡೆಯ ಒಂದು ಬದಿಯನ್ನಷ್ಟೇ ನೋಡಿ, ಹುಲ್ಲಿನ ಮೇಲೆ ಕೂತು ಕೆರೆಯ ಗಾಳಿ ಕುಡಿದು, ತೃಪ್ತಿಯಾಗಿ ರೈಲು ಹತ್ತಿದರು. ಊರು ಸೇರಿದ ಮೇಲೆ ಫೋನ್ ಮಾಡಿದ್ದರು, ಅವಳಿಗೆ.

ಮೂರು ತಿಂಗಳು ಮುಗಿಯುವ ಹೊತ್ತಿಗೆ ನನ್ನನ್ನು ರಸ್ತೆ ಸುರಕ್ಷತೆಯ ತರಗತಿಗೆ ಕೂರಿಸಿದರು. ಸುತ್ತಮುತ್ತ ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದ ಕಾಲೇಜು ಹುಡುಗರು. ಗೋಡೆಯ ಮೇಲೆ ಅಪಘಾತದ ಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಬಸ್ಸಿತ್ತು. ಎದುರಿಗೆ ನನ್ನದರಂಥದ್ದೇ ಬಿಳಿ ಕಾರು. ಹುಡುಗರು ಗುಸುಗುಸು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನಾನು ನೋಡದೇ ಹೋದ ಬಸ್ಸು ಹೀಗೇ ಇತ್ತೇನೋ ಅಂದುಕೊಳ್ಳುತ್ತ ಕೂತೆ.

ಕಾರ್ಡು ವಾಪಸ್ ಬಂದ ಮಾರನೇ ದಿನ ನಾನು ಬಲಗಡೆ ಕೂತೆ. ಹಳೇಬೀಡಿಗೆ ಒಂದು ಬಾಡಿಗೆ ಇತ್ತು. ಅವಳೂ ಜೊತೆಗೆ ಬಂದಳು, ಅಲ್ಲಿಂದ ತವರಿಗೆ ಹೋಗುವವಳಿದ್ದಳು. ಎಡಗಡೆ ಸೀಟಿನಿಂದ ಇವತ್ತು ಏನೇನು ಕೇಳಬೇಕಾಗುತ್ತದೋ ಅಂತ ತಯಾರಾಗಿಯೇ ಗಾಡಿ ತೆಗೆದೆ. ಊರು ದಾಟಿತು. ಏನೂ ಸದ್ದಿಲ್ಲ. 'ಏನೇ, ಏನೂ ಹೇಳಲ್ವಾ?' ಅಂತ ತಿರುಗಿದರೆ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹಳೇಬೀಡು ಬರುವವರೆಗೆ ಏಳಲಿಲ್ಲ. ನನ್ನ ಡ್ರೈವಿಂಗಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೊಂದು ಸಿಕ್ಕಿಲ್ಲ.

ಈಗ ಕಾರಿಗೆ ಇಬ್ಬರು ಡ್ರೈವರುಗಳು. ವಾರದಲ್ಲಿ ಮೂರು ದಿನ ಅವಳು, ಉಳಿದದ್ದು ನಾನು. ಹೆಂಗಸರೇ ಬರುವ ಗುಂಪುಗಳು ಮೊದಲೇ ಫೋನ್ ಮಾಡಿ, 'ಮೇಡಂ ಇರ್ತಾರಾ?' ಅಂತ ಕೇಳುತ್ತವೆ. ಇಲ್ಲ ಅಂದರೆ ದಿನ ಮುಂದಕ್ಕೆ ಹಾಕುತ್ತವೆ. ಮೊದಮೊದಲು ಒಂಥರಾ ಆಗುತ್ತಿತ್ತು, ಈಗ ಅಭ್ಯಾಸವಾಗಿದೆ. ನಮ್ಮಿಬ್ಬರಿಗೂ ಜಗಳವಿರುವುದು ಸೀಟಿನ ವಿಷಯಕ್ಕೆ ಮಾತ್ರ. ಅವಳು ಗಿಡ್ಡ, ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಬೆಳಿಗ್ಗೆ ಹತ್ತಿದರೆ ನನ್ನ ಮಂಡಿ ಹೋಗಿ ಸ್ಟೇರಿಂಗಿಗೆ ಬಡಿಯುತ್ತದೆ. ಇಳಿಯುವಾಗ ಹಿಂದಕ್ಕೆ ತಳ್ಳಿ ಇಳಿಯೇ ಅಂತ ಎಷ್ಟು ಸಲ ಹೇಳಿದ್ದೇನೋ. 'ನೀವೂ ಮುಂದಕ್ಕೆ ತಳ್ಳಿ ಇಳೀರಿ, ಆಗ ನಾನೂ ತಳ್ತೀನಿ' ಅನ್ನುತ್ತಾಳೆ. ಇನ್ನೂ ಇತ್ಯರ್ಥವಾಗಿಲ್ಲ.